ಒಲೆ ಹೊತ್ತಿಸಬಲ್ಲ ಚಿತ್ರಕಾರ

ಹೋದ ಮಳೆಗಾಲದಲ್ಲಿ ನಮ್ಮ ಹಾಸ್ಟೆಲಿನ ಏಳು ಜನ ಪುಣೆಯ ಹತ್ತಿರದ ಒಂದು ಕೋಟೆಗೆ ಹೋಗಿ ರಾತ್ರಿ ಅಲ್ಲೇ ತಂಗಿದೆವು. ಅಡುಗೆ ನನ್ನ ಪಾಲಿಗೆ ಬಂತು. ಒದ್ದೆ ಸೌದೆ, ಕಣ್ಣ ತುಂಬ ಹೊಗೆ. ರಾತ್ರಿ ಹತ್ತಕ್ಕೆ ಸಿದ್ಧವಾದದ್ದು ತಳ ಹತ್ತಿ ಮೇಲೆ ಬೇಯದೆ ಉಳಿದ ಅನ್ನ. ಯಾರೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಆ ರಾತ್ರಿ ನನಗೆ ನೆನಪಾದವನು ಕೆನಡಾದ ಚಿತ್ರಕಾರ ಟಾಮ್ ಥಾಮ್ಸನ್. ಅವನ ಚಿತ್ರಗಳ ಪುಸ್ತಕವನ್ನು ಕಾಲೇಜಿನ ಲೈಬ್ರರಿಯಲ್ಲಿ ನೋಡಿದ್ದೆ. ಅವನ ಹೆಸರೆತ್ತಿದವರೆಲ್ಲ ಅವನು ಹೇಗೆ ಸತ್ತ ಅನ್ನುವುದರಿಂದಲೇ ಶುರು ಮಾಡುತ್ತಾರೆ. ನನಗೆ ಮಾತ್ರ ಅವನು ಕಾಡಿನಲ್ಲಿ ಹೇಗೆ ಉಂಡ ಅನ್ನುವುದೇ ಮುಖ್ಯವಾಗಿ ಕಾಣುತ್ತದೆ. ಮಿತ್ರರೇ, ನಗಬೇಡಿ, ಕಾರಣ ಹೇಳುತ್ತೇನೆ.

ಥಾಮ್ಸನ್ ಹುಟ್ಟಿದ್ದು 1877ರ ಆಗಸ್ಟ್ 5ರಂದು, ಒಂಟಾರಿಯೋ ಪ್ರಾಂತದ ಕ್ಲೇರ್‌ಮಾಂಟಿನಲ್ಲಿ. ಹತ್ತು ಮಕ್ಕಳಲ್ಲಿ ಆರನೆಯವನು. ಬೆಳೆದದ್ದು ಓವೆನ್ ಸೌಂಡ್ ಪಟ್ಟಣದ ಹತ್ತಿರ, ಲೀತ್ ಎಂಬ ಹಳ್ಳಿಯ ಹೊಲಮನೆಯಲ್ಲಿ. 1899ರಲ್ಲಿ ಎರಕದ ಕಾರ್ಖಾನೆಯೊಂದಕ್ಕೆ ಕೆಲಸ ಕಲಿಯಲು ಸೇರಿ, ವರ್ಷ ತುಂಬುವ ಮೊದಲೇ ಬಿಟ್ಟ. ಬೋಯರ್ ಯುದ್ಧಕ್ಕೆ ಸೇರಲು ಹೋದ. ಆರೋಗ್ಯದ ಕಾರಣ ಹೇಳಿ ವಾಪಸು ಕಳಿಸಿದರು. ವ್ಯಾಪಾರ ಶಿಕ್ಷಣದ ಶಾಲೆಗೂ ಹೋದ. 1901ರಲ್ಲಿ ಅಣ್ಣನಿದ್ದ ಅಮೆರಿಕದ ಸಿಯಾಟಲ್ ಸೇರಿ, ಜಾಹೀರಾತಿಗೆ ಅಕ್ಷರ, ಚಿತ್ರ ಬರೆಯುವ ಕೆಲಸ ಹಿಡಿದ. ಮತ್ತೆ ಟೊರಾಂಟೋಗೆ ಬಂದು ಗ್ರಿಪ್ ಎಂಬ ಕಂಪನಿಯಲ್ಲಿ ಅದೇ ಕೆಲಸ. ಮೂವತ್ತು ದಾಟಿದರೂ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಮ್ಮ ಮನೆಗಳಲ್ಲಾಗಿದ್ದರೆ ಇಂಥವನನ್ನು ಏನಂತಿದ್ದರು ಅಂತ ನಿಮಗೇ ಗೊತ್ತು.

1912ರ ಮೇ ತಿಂಗಳಲ್ಲಿ ಅವನು ಮೊದಲ ಸಲ ಆಲ್ಗಾಂಕ್ವಿನ್ ಅರಣ್ಯಧಾಮಕ್ಕೆ ಹೋದ. ಸರೋವರಗಳೂ ಹೊಳೆಗಳೂ ತುಂಬಿದ ನಾಡು; ಅಲ್ಲಿ ಓಡಾಡಬೇಕಾದರೆ ಕೆನೂ ಎಂಬ ಹಗುರ ದೋಣಿಯೇ ಬೇಕು. ಅಲ್ಲಿನ ಮೂಲನಿವಾಸಿಗಳು ಭೂರ್ಜದ ತೊಗಟೆಯಿಂದ ಕಟ್ಟುತ್ತಿದ್ದ ದೋಣಿ ಅದು. ಇವನ ಕಾಲಕ್ಕೆ ಮರದ ಚೌಕಟ್ಟಿನ ಮೇಲೆ ಕ್ಯಾನ್ವಾಸ್ ಹೊದಿಸಿ ಮಾಡುತ್ತಿದ್ದರು. ಅದೇ ವರ್ಷ ಗೆಳೆಯನೊಬ್ಬನ ಜೊತೆ ಮಿಸಿಸಾಗಿ ನದಿಯಲ್ಲಿ ಸುಮಾರು ಎರಡು ತಿಂಗಳು ದೋಣಿಯಲ್ಲಿ ಸಾಗಿದ. ಪ್ರಯಾಣ ಇನ್ನೇನು ಮುಗಿಯಬೇಕು ಅನ್ನುವಾಗ ದೋಣಿ ಸೆಳವಿಗೆ ಸಿಕ್ಕಿ ಮಗುಚಿತು. ಬಹುಪಾಲು ಚಿತ್ರಗಳೂ ಫೋಟೋಗಳೂ ನೀರುಪಾಲು. ಉಳಿದ ಫಿಲ್ಮು ಎರಡೇ ಸುರುಳಿ. ಇನ್ನೊಬ್ಬನಾಗಿದ್ದರೆ ಕಾಡಿಗೆ ಕೈಮುಗಿದು ಸುಮ್ಮನಾಗುತ್ತಿದ್ದ. ಇವನು ಕಾಡಿಗೇ ಮರಳಿದ.

ಹೇಗೆ ಬಾಳಿದ ಅಲ್ಲಿ? ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಲು ದೋಣಿಯನ್ನೂ ಸಾಮಾನನ್ನೂ ಹೆಗಲ ಮೇಲೆ ಹೊತ್ತು ನಡೆಯಬೇಕು. ಒಂದೊಂದು ಸೇರು ಹಿಟ್ಟೂ ಭಾರವೇ. ಮೀನು ಸಿಕ್ಕರೆ ಮೂಟೆ ಹಗುರ. ಮೂಟೆ ಹಗುರಾದರೆ ದೂರ ಹೋಗಬಹುದು, ಹೆಚ್ಚು ದಿನ ಉಳಿಯಬಹುದು. ಹಿಮ ಕರಗಿದ ಹೊಸದರಲ್ಲಿ ನೀರು ತಣ್ಣಗಿರುತ್ತದೆ. ಆಗ ಟ್ರೌಟ್ ಮೀನು ಮೇಲೆಯೇ ಸಿಗುತ್ತದೆ. ಬೇಸಿಗೆಯಲ್ಲಿ ಸರೋವರದ ಟ್ರೌಟ್ ತಂಪು ಹುಡುಕಿ ಆಳಕ್ಕಿಳಿಯುತ್ತದೆ. ಗಾಳವನ್ನೂ ಆಳಕ್ಕೆ ಬಿಡಬೇಕು. ಇದೆಲ್ಲ ಅವನಿಗೆ ಕರತಲಾಮಲಕ. ಟೀ ಲೇಕಿನ ಕಟ್ಟೆಯ ಬಳಿ ಅವನು ಗಾಳ ಬೀಸಿ ನಿಂತ ಫೋಟೋ ಒಂದಿದೆ.

ಹಿಡಿದ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಹಂದಿ ಕೊಬ್ಬಿನಲ್ಲಿ ಕರಿಯುವುದು ಆ ಕಡೆಯ ರೂಢಿ. ಜೊತೆಗೆ ರೊಟ್ಟಿ. ಅದಕ್ಕೆ ತಗಡಿನ ಒಂದು ಒಲೆ: ಬೆಂಕಿಯ ಕಡೆ ಬಾಯ್ತೆರೆದ ಪೆಟ್ಟಿಗೆ, ಮೇಲೂ ಕೆಳಗೂ ಓರೆಯಾದ ಹೊಳೆಯುವ ತಗಡು, ನಡುವೆ ತಟ್ಟೆ. ಬೆಂಕಿಯ ಕಾವು ತಗಡಿಗೆ ಬಡಿದು ರೊಟ್ಟಿಯ ಎರಡೂ ಮೈ ಬೇಯಿಸುತ್ತದೆ. ಉರಿ ಚೆನ್ನಾಗಿರಬೇಕು, ತಗಡಿಗೆ ಮಸಿ ಹಿಡಿಯಬಾರದು. ನನ್ನ ಕೋಟೆಯ ಅನ್ನ ನೆನೆದರೆ ಅವನ ರೊಟ್ಟಿಯ ಬೆಲೆ ನನಗೆ ತಿಳಿಯುತ್ತದೆ.

ಇಷ್ಟು ಮಾಡಿಕೊಂಡು, ಸಣ್ಣ ಹಲಗೆಗಳ ಮೇಲೆ ನಿಂತ ಜಾಗದಲ್ಲೇ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದ. 1913ರಲ್ಲಿ ಅವನ 'ಉತ್ತರದ ಸರೋವರ' ಚಿತ್ರವನ್ನು ಒಂಟಾರಿಯೋ ಸರ್ಕಾರ 250 ಡಾಲರಿಗೆ ಕೊಂಡಿತು. ಮೆಕಾಲಮ್ ಎಂಬ ಕಣ್ಣಿನ ಡಾಕ್ಟರು ಒಂದು ವರ್ಷದ ಖರ್ಚು ತಾವು ಕೊಡುವುದಾಗಿ ಮುಂದೆ ಬಂದರು. 1914ರಲ್ಲಿ ಜಾಕ್ಸನ್, ಲಿಸ್ಮರ್, ವಾರ್ಲಿ ಮುಂತಾದ ಗೆಳೆಯರು ಅಲ್ಲಿಗೇ ಹೋಗಿ ಇವನೊಡನೆ ಡೇರೆ ಹಾಕಿದರು. ಚಿತ್ರಕಲೆಯ ಶಾಲೆಗಳಲ್ಲಿ ಕಲಿತ ಅವರಿಂದ ಇವನು ಬಣ್ಣ ಕಲಿತ. ಇವನಿಂದ ಅವರು ಕಾಡು ಕಲಿತರು. ಚಳಿಗಾಲಕ್ಕೆ ಟೊರಾಂಟೋದ ಒಂದು ಗುಡಿಸಲು, ಬಾಡಿಗೆ ತಿಂಗಳಿಗೆ ಒಂದು ಡಾಲರು. ಅಲ್ಲಿ ಕೂತು ಹಲಗೆಯ ಚಿತ್ರವನ್ನು ದೊಡ್ಡದು ಮಾಡುತ್ತಿದ್ದ. ಹೆಸರಾದ 'ಜ್ಯಾಕ್ ಪೈನ್' ಹೀಗೆ ಮೂಡಿದ್ದು. 1916ರಲ್ಲಿ ಕಾಡ್ಗಿಚ್ಚು ಕಾಯುವ ನೌಕರಿ ಹಿಡಿದ. ಅದಕ್ಕೂ ಚಿತ್ರಕ್ಕೂ ಹೊಂದಲಿಲ್ಲ. ಒಲೆ, ಗಾಳಗಳು ಅವನಿಗೆ ಕೊಟ್ಟ ಬಿಡುವನ್ನು ಸಂಬಳ ಕೊಡಲಿಲ್ಲ.

1917ರ ಜುಲೈ 8ರಂದು ಮೀನು ಹಿಡಿಯಲೆಂದು ಕೆನೂ ಲೇಕಿನಲ್ಲಿ ಒಬ್ಬನೇ ದೋಣಿ ಬಿಟ್ಟುಕೊಂಡು ಹೋದ. ಖಾಲಿ ದೋಣಿ ಮಾತ್ರ ಸಿಕ್ಕಿತು. ಹೆಣ ತೇಲಿದ್ದು 16ಕ್ಕೆ. ಆಕಸ್ಮಿಕವಾಗಿ ಮುಳುಗಿ ಸತ್ತ ಎಂದು ವಿಚಾರಣೆ ತೀರ್ಮಾನಿಸಿತು. ಹಣೆಯ ಪಕ್ಕದ ಗಾಯ ಹಿಡಿದುಕೊಂಡು ಕೊಲೆಯೇ ಇರಬೇಕು ಎಂದವರೂ ಉಂಟು. ಅವನಿಗಿನ್ನೂ ಮೂವತ್ತೊಂಬತ್ತು. ಕಾಡಿಗೆ ಹೋಗತೊಡಗಿ ಬರೀ ಐದು ವರ್ಷ. ಅಷ್ಟರಲ್ಲೇ ನೂರಾರು ಹಲಗೆಗಳು. 1920ರಲ್ಲಿ ಗೆಳೆಯರು 'ಏಳು ಜನರ ಗುಂಪು' ಕಟ್ಟಿದಾಗ ಇವನಿರಲಿಲ್ಲ.

ಆ ಸಾವಿನ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬಂದಿವೆ. ಬರಲಿ. ನನಗೆ ಕಾಣುವುದು ಮಾತ್ರ, ದೋಣಿ ಮಗುಚಿ ಎಲ್ಲ ಹೋದ ಮೇಲೂ ಮುಂದಿನ ವರ್ಷ ಮತ್ತೆ ಹಿಟ್ಟು ಕಟ್ಟಿಕೊಂಡು ಹೊರಟವನು. ಡಿಸೆಂಬರಿನಲ್ಲಿ ನಾವೂ ಮತ್ತೆ ಅದೇ ಕೋಟೆಗೆ ಹೋಗುವವರಿದ್ದೇವೆ. ಅಡುಗೆ ನಾನೇ ಮಾಡುತ್ತೇನೆ ಅಂತ ಕೇಳಿ ಪಡೆದಿದ್ದೇನೆ. ಬರುವವರು ದಯವಿಟ್ಟು ಒಂದೊಂದು ಹಿಡಿ ಒಣ ಪುರಳೆ ತನ್ನಿ.