ಅಲೆಕ್ಸಾಂಡರ್ ಫ್ಲೆಮಿಂಗ್

ಮಕ್ಕಳೇ, ತಿರುಪ್ಪೂರು ಜಿಲ್ಲೆಯ ಪಲ್ಲಡಂ ಸುತ್ತಮುತ್ತ ಎಷ್ಟೊಂದು ಕೋಳಿ ಫಾರಂಗಳಿವೆ, ನೋಡಿದ್ದೀರಾ? ಮನುಷ್ಯರಿಗೂ ಪ್ರಾಣಿಗಳಿಗೂ ಕೊಡುವ ಪೆನಿಸಿಲಿನ್ ಔಷಧಿಯನ್ನು ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್.

ಅವರು 1881ರಲ್ಲಿ ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯರಾದರು. 1928ರಲ್ಲಿ ಅವರು ರೋಗಾಣು ಬೆಳೆಸಿದ್ದ ಗಾಜಿನ ತಟ್ಟೆಗೆ ಬೂಷ್ಟು ಹಿಡಿದಿತ್ತು. ನೀವಾಗಿದ್ದರೆ ತೊಳೆದುಬಿಡುತ್ತಿದ್ದಿರಲ್ಲವೇ? ಫ್ಲೆಮಿಂಗ್ ಗಮನವಿಟ್ಟು ನೋಡಿದರು. ಬೂಷ್ಟಿನ ಸುತ್ತಲಿನ ರೋಗಾಣುಗಳು ಸತ್ತಿದ್ದವು! ಆ ಬೂಷ್ಟಿನ ರಸವೇ ಪೆನಿಸಿಲಿನ್. ಫ್ಲೋರಿ, ಚೈನ್ ಎಂಬ ವಿಜ್ಞಾನಿಗಳು ಅದನ್ನು ಔಷಧಿಯಾಗಿಸಿದರು. ಮೂವರಿಗೂ 1945ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಔಷಧಿ ಸಾಕಷ್ಟು ಕೊಡದಿದ್ದರೆ ರೋಗಾಣುಗಳು ಬಲಿತು ಅದಕ್ಕೆ ಬಗ್ಗುವುದಿಲ್ಲವೆಂದು ಫ್ಲೆಮಿಂಗ್ ಆಗಲೇ ಎಚ್ಚರಿಸಿದ್ದರು. ಅವರು 1955ರಲ್ಲಿ ನಿಧನರಾದರು. ಆದರೂ ಕೋಳಿಗಳು ಬೇಗ ಬೆಳೆಯಲೆಂದು ಆಹಾರದಲ್ಲೇ ಸ್ವಲ್ಪ ಸ್ವಲ್ಪ ಔಷಧಿ ಬೆರೆಸುವ ರೂಢಿ ಹಲವು ದೇಶಗಳಲ್ಲಿ ಹಬ್ಬಿತು. ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ, ದನಗಳಿಗೆ ಕೊಡಬಾರದೆಂದು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.