ಕೊಪ್ಪಳಕ್ಕೆ ಬಾವುಟ ಬಂದದ್ದು ಸೆಪ್ಟೆಂಬರಿನಲ್ಲಿ

ಮಕ್ಕಳೇ, ನಮ್ಮ ಕನ್ನಡ ಕೂಟದಲ್ಲಿ ಆಗಸ್ಟ್ 15ಕ್ಕೆ ಧ್ವಜ ಏರಿಸುತ್ತೇವೆ, ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ನಡುವೆ ಸೆಪ್ಟೆಂಬರ್ 17 ಸದ್ದಿಲ್ಲದೆ ಬಂದು ಹೋಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ಮನೆಯವರಿಗೆ ಅದು ಸಣ್ಣ ದಿನವಲ್ಲ. 1947ರ ಆಗಸ್ಟ್ 15ರಂದು ಧಾರವಾಡ, ಗದಗಗಳಲ್ಲಿ ತ್ರಿವರ್ಣ ಧ್ವಜ ಹಾರಿತು. ಪಕ್ಕದ ಕೊಪ್ಪಳದಲ್ಲಿ ಅದೇ ಧ್ವಜ ಹಿಡಿದವರನ್ನು ಪೊಲೀಸರು ಹುಡುಕುತ್ತಿದ್ದರು. ಯಾಕೆಂದರೆ ಆ ಊರುಗಳು ಇದ್ದದ್ದು ಬ್ರಿಟಿಷರ ಕೈಯಲ್ಲಲ್ಲ, ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಕೈಯಲ್ಲಿ. ಆತ ಭಾರತವನ್ನು ಸೇರಲು ಒಪ್ಪಲಿಲ್ಲ.

ಸಾವಿರ ವರ್ಷಕ್ಕೂ ಹಿಂದೆ ಬರೆದ ‘ಕವಿರಾಜಮಾರ್ಗ’ದಲ್ಲಿ ಕನ್ನಡದ ತಿರುಳು ಇರುವ ನಾಡು ಯಾವುದು ಎಂದು ಹೇಳುವಾಗ ಹೆಸರಾಗಿರುವ ಊರುಗಳಲ್ಲಿ ಕೊಪಣ ಒಂದು. ಅದೇ ಇಂದಿನ ಕೊಪ್ಪಳ. ಅಂಥ ಊರಿನ ಹುಡುಗ ನಿಜಾಮನ ಕಾಲದಲ್ಲಿ ಹೈಸ್ಕೂಲು ಓದಬೇಕೆಂದರೆ ಉರ್ದುವಿನಲ್ಲೇ ಓದಬೇಕಿತ್ತು. ಉರ್ದು ಬಲು ಸೊಗಸಾದ ಭಾಷೆ, ಅದರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕಚೇರಿಯ ಕಾಗದ ಓದಲಾಗದೆ ರೈತ ಇನ್ನೊಬ್ಬರ ಮನೆ ಬಾಗಿಲು ಕಾಯಬೇಕಾಗಿತ್ತಲ್ಲ, ಸಿಟ್ಟು ಅದರ ಮೇಲೆ. ಯಲಬುರ್ಗಾ ಸೀಮೆಯ ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ಶುರುವಾಯಿತು. ಸರ್ಕಾರವನ್ನು ನೆಚ್ಚದೆ ಊರವರೇ ಕಟ್ಟಿಕೊಂಡ ಶಾಲೆ. ನನ್ನನ್ನು ಕೇಳಿದರೆ, ನಮ್ಮ ಕಡೆಯ ಸ್ವಾತಂತ್ರ್ಯದ ಕಥೆ ಬಂದೂಕಿನಿಂದಲ್ಲ, ಇಂಥ ಶಾಲೆಗಳಿಂದಲೇ ಶುರುವಾಗುತ್ತದೆ.

ಬಂದೂಕೂ ಬಂತು. ನಿಜಾಮನ ಪರ ನಿಂತ ಖಾಸಿಂ ರಜ್ವಿಯ ಸಶಸ್ತ್ರ ಪಡೆ, ಅಂದರೆ ರಜಾಕಾರರು, ಹಳ್ಳಿಗಳಿಗೆ ನುಗ್ಗಿ ಸುಲಿಗೆ ಮಾಡತೊಡಗಿದಾಗ ಜನ ಗಡಿ ದಾಟಿದರು. ಗಡಿಯ ಆಚೆ ಮುಂಡರಗಿ. ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಅಲ್ಲಿ ಆಗಲೇ ಸ್ವತಂತ್ರ ಭಾರತ. ಕೊಪ್ಪಳ ತಾಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಅಲ್ಲಿ ಶಿಬಿರ ಕಟ್ಟಿದರು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಇನ್ನೊಂದನ್ನು ನಡೆಸಿದರು. ಶಿಬಿರ ಎಂದರೆ ಡೇರೆ, ಕ್ಯಾಂಪ್‌ಫೈರ್ ಅಂದುಕೊಳ್ಳಬೇಡಿ. ರೊಟ್ಟಿ ಬುತ್ತಿ ಕಟ್ಟಿಕೊಂಡ ಹುಡುಗರು ರಾತ್ರಿ ಹೊಲದ ಬದುವಿನಗುಂಟ ನಡೆದು ನಿಜಾಮನ ಸೀಮೆಗೆ ನುಸುಳುತ್ತಿದ್ದರು. ಗಡಿಯಲ್ಲಿ ಸುಂಕ ವಸೂಲಿಯ ಕರೋಡಗಿರಿ ನಾಕೆಗಳಿದ್ದವು. ಅವುಗಳ ಮೇಲೆ ಬಿದ್ದು ದಫ್ತರ ಸುಡುವುದು, ತಂತಿ ಕತ್ತರಿಸುವುದು, ಬೆಳಗಾಗುವ ಮುಂಚೆ ಮರಳುವುದು. ಎಲ್ಲರೂ ಮರಳಲಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯದೊಳಗೆ ಹೋಯಿತು. 17ಕ್ಕೆ ನಿಜಾಮ ಕೈಚೆಲ್ಲಿದ. ಆವರೆಗೆ ಕೊಪ್ಪಳ ಸೀಮೆ ಸಾಲಾರಜಂಗ್ ಮನೆತನದ ಜಹಗೀರಾಗಿತ್ತು. ಜಹಗೀರೆಂದರೆ ಊರಿಗೆ ಊರೇ ಒಬ್ಬರ ಸ್ವತ್ತಿನಂತೆ, ಕಂದಾಯವೂ ಅವರಿಗೇ. ಮರುವರ್ಷವೇ ಜಹಗೀರುಗಳು ರದ್ದಾದವು. 1952ರ ಮೊದಲ ಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿಗಳು ಯಾವ ಪಕ್ಷದ ಹಂಗೂ ಇಲ್ಲದೆ ಕುಷ್ಟಗಿ ಕ್ಷೇತ್ರದಿಂದ ನಿಂತು ಗೆದ್ದು ಲೋಕಸಭೆಗೆ ಹೋದರು. ನಾಲ್ಕು ವರ್ಷದ ಹಿಂದೆ ಸಭೆ ಸೇರುವುದಕ್ಕೂ ಸರ್ಕಾರದ ಅಪ್ಪಣೆ ಕೇಳಬೇಕಿದ್ದ ಜನ ಕಾಂಗ್ರೆಸ್ಸಿನ ಗಾಳಿಯಲ್ಲೂ ತಮಗೆ ಬೇಕಾದವರನ್ನು ಆರಿಸಿದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ರಾಯಚೂರು ಜಿಲ್ಲೆಯೊಂದಿಗೆ ಮೊದಲು ಹೇಳಿದ ನಾಲ್ಕೂ ತಾಲೂಕು ಕನ್ನಡ ರಾಜ್ಯಕ್ಕೆ ಬಂದವು. ಇಷ್ಟನ್ನು ಒಂದೇ ತಲೆಮಾರು ಮಾಡಿತು.

ನಿಮ್ಮ ಅಮೆರಿಕದ ಶಾಲೆಯಲ್ಲಿ ಜೆಫರ್ಸನ್ ಬಗ್ಗೆ ಓದಿರುತ್ತೀರಿ. ಎಲ್ಲರೂ ಸಮಾನರು ಎಂದು ಬರೆದ ಅದೇ ಮನುಷ್ಯ ನೂರಾರು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಎಂದು ನಿಮ್ಮ ಟೀಚರ್ ಮುಚ್ಚಿಡದೆ ಹೇಳುತ್ತಾರೆ. ಹಾಗಾದರೆ ನಮ್ಮವರ ವಿಷಯದಲ್ಲಿ ನಾನು ಮುಚ್ಚಿಡುವುದು ಸರಿಯೇ?

ಸೇನೆ ಬಂದ ಮೇಲಿನ ವಾರಗಳಲ್ಲಿ ಹೈದರಾಬಾದ್ ರಾಜ್ಯದ ಎಷ್ಟೋ ಊರುಗಳಲ್ಲಿ ಸೇಡಿನ ಕೊಲೆಗಳಾದವು. ಸತ್ತವರಲ್ಲಿ ಹೆಚ್ಚಿನವರು ರಜಾಕಾರರೇ ಅಲ್ಲದ ಬಡ ಮುಸ್ಲಿಮರು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿಯ ಅಂದಾಜಿನಂತೆ ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ನೆರೆಯ ಗುಲಬರ್ಗಾ, ಬೀದರ್ ಎರಡೂ ಇದ್ದವು. ಮುಸ್ಲಿಂ ನೆರೆಯವರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳ ಮಾತೂ ಆ ವರದಿಯಲ್ಲಿದೆ. ಆದರೂ ಸರ್ಕಾರ ಅದನ್ನು ಹೊರಗೆ ಬಿಡಲಿಲ್ಲ, ದಶಕಗಟ್ಟಲೆ ಕಪಾಟಿನಲ್ಲಿಟ್ಟಿತು. ಹೋರಾಟದ ಕಥೆಗಳನ್ನು ರಸವತ್ತಾಗಿ ಹೇಳುವ ನಮ್ಮ ಹಿರಿಯರೂ ಈ ಪುಟ ಬಂದಾಗ ಮಾತು ತಿರುಗಿಸಿದ್ದೇ ಹೆಚ್ಚು. ಭಾರತ ಸೇರೋಣ ಎಂದು ಬರೆದದ್ದಕ್ಕೆ ರಜಾಕಾರರ ಕೈಯಲ್ಲಿ 1948ರ ಆಗಸ್ಟಿನಲ್ಲಿ ಸತ್ತ ಪತ್ರಕರ್ತ ಶೋಯಬುಲ್ಲಾ ಖಾನ್ ಕೂಡ ಮುಸ್ಲಿಮನೇ ಎಂಬುದನ್ನು ಈ ಕಥೆ ಹೇಳುವಾಗ ಬಿಡಬಾರದು.

ಸ್ವಾತಂತ್ರ್ಯದ ಫಲವೂ ಎಲ್ಲರಿಗೂ ಒಂದೇ ಸಮ ಸಿಗಲಿಲ್ಲ. ಮೊದಲು ನೀರಿನ ಮಾತು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನಿಜಾಮನ ರಾಜ್ಯವೂ ಮದ್ರಾಸೂ ಕೂಡಿ. ಅದನ್ನು ಮುಗಿಸಿ 1953ರಲ್ಲಿ ನೀರು ಬಿಟ್ಟದ್ದು ಸ್ವತಂತ್ರ ಭಾರತ. ಎಡದಂಡೆ ಕಾಲುವೆ ಹರಿದ ಕಡೆ ಗಂಗಾವತಿ ಭತ್ತದ ಕಣಜವಾಯಿತು, ಆಂಧ್ರದ ರೈತರು ಬಂದು ನೆಲೆಸಿದ ‘ಕ್ಯಾಂಪು’ಗಳು ಎದ್ದವು. ಕುಷ್ಟಗಿ, ಯಲಬುರ್ಗಾ ಎತ್ತರದ ನೆಲ. ಕಾಲುವೆ ಅಲ್ಲಿಗೆ ಏರಲಿಲ್ಲ. ಒಂದೇ ಜಿಲ್ಲೆಯಲ್ಲಿ ಒಬ್ಬರಿಗೆ ಎರಡು ಬೆಳೆ ಭತ್ತ, ಇನ್ನೊಬ್ಬರಿಗೆ ಮಳೆ ನಂಬಿದ ಸಜ್ಜೆ ಮತ್ತು ದುಡಿಯಲು ಗುಳೆ ಹೋಗುವ ಪಾಡು. ನೆಲ ಎತ್ತರವಾಗಿದ್ದದ್ದು ಯಾರ ತಪ್ಪೂ ಅಲ್ಲ, ಒಪ್ಪುತ್ತೇನೆ. ಅಲ್ಲಿಗೆ ನೀರು ಎತ್ತುವ ಯೋಜನೆ ಇಷ್ಟು ದಶಕ ಕುಂಟುತ್ತ ಬಂದದ್ದಕ್ಕೆ ಮಾತ್ರ ಆ ಸಬೂಬು ನಡೆಯದು.

ಬರಿ ಕೊರಗು ಎನ್ನಬೇಡಿ, ಲೆಕ್ಕವೇ ಇದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ಕುಷ್ಟಗಿ, ಯಲಬುರ್ಗಾ ಎರಡೂ ಅದರಲ್ಲಿದ್ದವು. ಶಾಲೆಯಿಂದ ಹೋರಾಟ ಶುರುಮಾಡಿದ ಜನರಿಗೇ ಗೆದ್ದ ಮೇಲೆ ಶಾಲೆಗಳನ್ನು ಸಾಲುವಷ್ಟು ಕಟ್ಟಿಸಿಕೊಳ್ಳಲಾಗಲಿಲ್ಲ. ಅಧಿಕಾರ ಬೆಂಗಳೂರಿನಲ್ಲಿತ್ತು ನಿಜ, ಆದರೆ ನಮ್ಮ ಕಡೆಯಿಂದ ಹೋದವರೂ ಅಲ್ಲಿ ಕೂತಿದ್ದರು.

ಈ ಭಾಗ ಹಿಂದುಳಿದದ್ದನ್ನು ಸರಿಪಡಿಸಲೆಂದು ಸಂವಿಧಾನಕ್ಕೆ 98ನೆಯ ತಿದ್ದುಪಡಿ ಬಂತು, 371ಜೆ ವಿಧಿ ಸೇರಿತು. ಅದರಿಂದ ಈ ಭಾಗದ ಮಕ್ಕಳಿಗೆ ಇಲ್ಲಿನ ಕಾಲೇಜಿನ ಸೀಟುಗಳಲ್ಲೂ ಸರ್ಕಾರಿ ನೌಕರಿಗಳಲ್ಲೂ ಮೀಸಲು ಪಾಲು ಸಿಕ್ಕಿದೆ. ಕೊಪ್ಪಳದಲ್ಲಿರುವ ನಿಮ್ಮ ಕಾಕಾನ ಮಗಳು ಪಿಯುಸಿ ಮುಗಿಸಿ ಅರ್ಜಿ ಹಾಕುವಾಗ ಒಂದು ಪ್ರಮಾಣಪತ್ರಕ್ಕಾಗಿ ಕಚೇರಿಗೆ ಅಲೆಯುತ್ತಾಳಲ್ಲ, ಅದು ಈ ಮೀಸಲಿಗಾಗಿಯೇ. ಮುಂದಿನ ಸಲ ವಿಡಿಯೋ ಕಾಲ್ ಮಾಡಿದಾಗ ಅವಳನ್ನು ವಿಚಾರಿಸಿ. ಪಕ್ಕದಲ್ಲಿ ಅಜ್ಜ ಇದ್ದರೆ ಮುಂಡರಗಿ ಶಿಬಿರಕ್ಕೆ ನಮ್ಮ ಮನೆಯಿಂದ ಯಾರು ಹೋಗಿದ್ದರು ಎಂದೂ ಕೇಳಿ, ಸೇನೆ ಬಂದ ಆಮೇಲಿನ ವಾರಗಳಲ್ಲಿ ಊರಲ್ಲಿ ಏನಾಯಿತು ಎಂದೂ ಕೇಳಿ.