ಜೋಶಿ ಮಾಸ್ತರರ ಮಗ ಭೀಮಸೇನ

ಪಂಡಿತ ಭೀಮಸೇನ ಜೋಶಿಯವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಭಾರತರತ್ನ ಘೋಷಣೆಯಾದುದು 2008ರಲ್ಲಿ. ಅದಕ್ಕೂ ಏಳು ದಶಕಗಳ ಹಿಂದೆ, 1936ರಲ್ಲಿ, ಗದುಗಿನ ಶಿಕ್ಷಕರೊಬ್ಬರ ಮಗನಿಗೆ ಕುಂದಗೋಳದ ಗುರುಮನೆಯ ಬಾಗಿಲು ತೆರೆಯಿತು. ಆ ಶಿಕ್ಷಕರು ಗುರುರಾಜ ಜೋಶಿ. ಹೆತ್ತವರಿಗೆ ಹೆಮ್ಮೆ ತರಬೇಕಾದ ಆ ದಿನ ಬರುವ ಮೊದಲು ಅವರು ಅನುಭವಿಸಿದ ಆತಂಕ ಸಣ್ಣದಲ್ಲ.

ಭೀಮಸೇನ ಜನಿಸಿದ್ದು 1922ರ ಫೆಬ್ರುವರಿ 4ರಂದು. ಗುರುರಾಜ ಜೋಶಿಯವರ ಹದಿನಾರು ಮಕ್ಕಳಲ್ಲಿ ಅವನೇ ಹಿರಿಯ. ತಾಯಿ ಗೋದಾವರಿಬಾಯಿ ಬೇಗನೆ ತೀರಿಕೊಂಡರು. ಮನೆಯಲ್ಲಿ ಅಜ್ಜನ ಕಾಲದ ತಂಬೂರಿ ಇತ್ತು. ಬೀದಿಯಲ್ಲಿ ಭಜನೆಯ ಮೇಳವೋ ಮೆರವಣಿಗೆಯ ವಾದ್ಯವೋ ಕೇಳಿಸಿದರೆ ಸಾಕು, ಬಾಲಕ ಅದರ ಬೆನ್ನು ಹತ್ತುತ್ತಿದ್ದ. ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಪದೇ ಪದೇ ಪೊಲೀಸರ ಮೊರೆಹೋಗಿ ಬೇಸತ್ತ ತಂದೆ, ಇವನು ಜೋಶಿ ಮಾಸ್ತರರ ಮಗನೆಂದು ಅಂಗಿಯ ಮೇಲೆಯೇ ಬರೆದರೆಂಬುದು ಪ್ರಸಿದ್ಧ ಸಂಗತಿ. ಕಂಡವರು ಮನೆಗೆ ತಲುಪಿಸಲಿ ಎಂಬುದೊಂದೇ ಉದ್ದೇಶ.

ಹಾಗೆಂದು ಅವರು ಮಗನ ಒಲವನ್ನು ಕಡೆಗಣಿಸಲಿಲ್ಲ. ಕುರ್ತಕೋಟಿಯ ಚನ್ನಪ್ಪನವರಲ್ಲಿ, ಬಳಿಕ ಶ್ಯಾಮಾಚಾರ್ಯ ಜೋಶಿಯವರಲ್ಲಿ ಸಂಗೀತದ ಪಾಠ ನಡೆಯಿತು. ಆದರೆ ಉಸ್ತಾದ್ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಮುದ್ರಿಕೆಯಲ್ಲಿ ಕೇಳಿದ ಝಿಂಜೋಟಿ ರಾಗದ ಠುಮ್ರಿ ಬಾಲಕನ ನಿದ್ದೆ ಕೆಡಿಸಿತ್ತು. ಹಾಗೆ ಹಾಡಲು ಕಲಿಸುವ ಗುರು ಬೇಕೆಂಬ ಹಟ ಹುಟ್ಟಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆತ ಮನೆ ಬಿಟ್ಟ. ಊಟಕ್ಕೆ ಕುಳಿತಾಗ ತುಪ್ಪ ಸಿಗದ ಸಿಟ್ಟು ಅದಕ್ಕೆ ನೆಪವಾಯಿತೆಂದು ಹೇಳುತ್ತಾರೆ.

ಮುಂದಿನ ಮೂರು ವರ್ಷ ಅಲೆದಾಟ. ಕೈಯಲ್ಲಿ ಹಣವಿಲ್ಲ; ರೈಲಿನಲ್ಲಿ ಹಾಡಿ, ಸಹಪ್ರಯಾಣಿಕರ ನೆರವು ಪಡೆದು ಬಾಲಕ ಉತ್ತರಕ್ಕೆ ಸಾಗಿದ. ಗ್ವಾಲಿಯರ್‌ನಲ್ಲಿ ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಅಲ್ಲಿನ ಮಹಾರಾಜರು ನಡೆಸುತ್ತಿದ್ದ ಮಾಧವ ಸಂಗೀತ ಶಾಲೆ ಸೇರಿದ. ಅಲ್ಲಿಯೂ ನಿಲ್ಲದೆ ದೆಹಲಿ, ಕೋಲ್ಕತ್ತ, ಲಖನೌ, ರಾಂಪುರ ಸುತ್ತಿದ. ಜಲಂಧರದಲ್ಲಿ ಭೇಟಿಯಾದ ಗಾಯಕ ವಿನಾಯಕರಾವ್ ಪಟವರ್ಧನರು, ತನ್ನೂರಿನ ಸಮೀಪದಲ್ಲೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಅಲೆಯುವುದೇಕೆಂದು ತಿಳಿಹೇಳಿದರು. ತಂದೆಯ ಹುಡುಕಾಟವೂ ಜಲಂಧರದಲ್ಲಿಯೇ ಕೊನೆಗೊಂಡಿತು.

ಊರಿಗೆ ಮರಳಿದ ಮಗನನ್ನು ಮತ್ತೆ ಶಾಲೆಗೆ ಕಟ್ಟಿಹಾಕುವುದು ಶಿಕ್ಷಕರಾದ ಗುರುರಾಜರಿಗೆ ಸಹಜವಾಗಿ ತೋಚಬಹುದಾಗಿದ್ದ ದಾರಿ. ಅವರು ಆ ದಾರಿ ಹಿಡಿಯಲಿಲ್ಲ. ಮಗ ಓಡಿಹೋಗಿದ್ದು ಓದಿಗೆ ಹೆದರಿಯಲ್ಲ, ವಿದ್ಯೆಯನ್ನು ಅರಸಿ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು.

ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ಸಿಗುವ ಊರು ಕುಂದಗೋಳ. ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು ಅಲ್ಲಿದ್ದರು. ಬಾಲಕನ ಮನಸೆಳೆದ ಕಿರಾನಾ ಘರಾಣೆಯ ಗಾಯನ ಉತ್ತರದ ಯಾವ ನಗರದಲ್ಲಿಯೂ ಅಲ್ಲ, ಗದುಗಿನ ನೆರೆಯಲ್ಲಿಯೇ ದೊರಕಿತು.

ಆ ಗುರುಕುಲದಲ್ಲಿ ತರಗತಿಯಿಲ್ಲ, ಪ್ರಮಾಣಪತ್ರವಿಲ್ಲ. ನೀರು ಹೊರುವುದೂ ಮನೆಗೆಲಸವೂ ವಿದ್ಯಾಭ್ಯಾಸದ ಭಾಗವೇ ಆಗಿತ್ತು. ತೋಡಿ, ಮುಲ್ತಾನಿ, ಪೂರಿಯಾ ರಾಗಗಳ ಮೇಲೆಯೇ ದೀರ್ಘಕಾಲ ಸಾಧನೆ ನಡೆಯಿತು. ಹುಬ್ಬಳ್ಳಿಯಿಂದ ಬರುತ್ತಿದ್ದ ಗಂಗೂಬಾಯಿ ಹಾನಗಲ್ ಕೂಡ ಇದೇ ಗುರುಗಳ ಶಿಷ್ಯೆ. 1940ರವರೆಗೆ ಭೀಮಸೇನರು ಅಲ್ಲಿ ಕಲಿತರು. ಮೂರು ವರ್ಷ ಒಂದೆಡೆ ನಿಲ್ಲದಿದ್ದ ಹುಡುಗನನ್ನು ಸಂಗೀತವೇ ನಿಲ್ಲಿಸಿತ್ತು.

ನಂತರದ್ದು ನಾಡು ಬಲ್ಲ ಕಥೆ. 1943ರಲ್ಲಿ ಮುಂಬೈಗೆ ತೆರಳಿ ಆಕಾಶವಾಣಿ ಕಲಾವಿದರಾದರು. 1952ರಲ್ಲಿ ನಿಧನರಾದ ಗುರುಗಳ ಸ್ಮರಣೆಗೆ ಮರುವರ್ಷ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ದಶಕಗಳ ಕಾಲ ಮುನ್ನಡೆಸಿದರು. ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಮನೆಮನೆಗೆ ಮುಟ್ಟಿಸಿದರು. 1972ರಲ್ಲಿ ಪದ್ಮಶ್ರೀ, 1985ರಲ್ಲಿ ಪದ್ಮಭೂಷಣ, 1999ರಲ್ಲಿ ಪದ್ಮವಿಭೂಷಣ ಸಂದವು. 2011ರ ಜನವರಿ 24ರಂದು ಪುಣೆಯಲ್ಲಿ ಕೊನೆಯುಸಿರೆಳೆದರು.

ಗುರುರಾಜ ಜೋಶಿಯವರು ಮಗನ ಜೀವನವನ್ನು ಕನ್ನಡದಲ್ಲಿ ತಾವೇ ಬರೆದರು. ಆ ಕೃತಿಗೆ ಅವರಿಟ್ಟ ಹೆಸರು ನಾದಪುತ್ರ. ಒಂದು ಕಾಲಕ್ಕೆ ತಮ್ಮ ಮಗನೆಂದು ಅಂಗಿಯ ಮೇಲೆ ಬರೆದಿದ್ದ ತಂದೆ, ಮುಂದೆ ಅವನನ್ನು ನಾದದ ಮಗನೆಂದು ಒಪ್ಪಿಕೊಂಡಿದ್ದರು. ಮಕ್ಕಳ ಪ್ರತಿಭೆಯನ್ನು ಅಂಕಪಟ್ಟಿಯಲ್ಲಿಯೇ ಹುಡುಕುವ ಹೆತ್ತವರು ಗದುಗಿನ ಈ ಮಾಸ್ತರರನ್ನೂ ನೆನೆಯುವುದು ಒಳ್ಳೆಯದು.